ಇಪ್ಪತ್ತೇಳು ಮಕ್ಕಳ ಒಬ್ಬನೇ ಅಪ್ಪ

ಜನವರಿ 8. ಮಧ್ಯಾಹ್ನ, ಸ್ಟಾಫ್ ರೂಮ್

ಹತ್ತೊಂಬತ್ತನೇ ನೋಟ್‌ಬುಕ್ ಮುಗಿಯಿತು. ಇನ್ನೂ ಹದಿನೈದು ಬಾಕಿ. ವಿಷಯ: ನನಗೆ ಹತ್ತಿರದ ವ್ಯಕ್ತಿ. ಹತ್ತನೇ ತರಗತಿಯ ಮೂವತ್ತನಾಲ್ಕು ಮಕ್ಕಳಲ್ಲಿ ಇಲ್ಲಿಯವರೆಗಿನ ಎಲ್ಲರಿಗೂ ಹತ್ತಿರದವರು ಅಪ್ಪ, ಇಲ್ಲವೇ ಅಮ್ಮ. ಎಲ್ಲ ಅಪ್ಪಂದಿರೂ ‘ಹಗಲಿರುಳು ಶ್ರಮಿಸುತ್ತಾರೆ’. ಎಲ್ಲ ಅಮ್ಮಂದಿರೂ ‘ತ್ಯಾಗಮಯಿ’. ಒಬ್ಬ ಅಪ್ಪನಾದರೂ ಗೊರಕೆ ಹೊಡೆಯಬಾರದೇ? ಒಬ್ಬ ಅಮ್ಮನಾದರೂ ಸಿಡುಕಬಾರದೇ?

ಕೆಂಪು ಪೆನ್ನಲ್ಲಿ ಒಂದೇ ಮಾತು ಬರೆದು ಬರೆದು ಬೆರಳು ನೋಯುತ್ತಿದೆ — ‘ಇನ್ನೂ ವಿವರ ಬೇಕು’. ಹತ್ತಕ್ಕೆ ಐದು. ಆರು. ಐದು. ಆರು.

ಪಕ್ಕದ ಟೇಬಲ್ಲಿನ ಲೆಕ್ಕದ ಮೇಷ್ಟ್ರು ಟೀ ಆರುವುದರೊಳಗೆ ಅಷ್ಟೂ ಟೆಸ್ಟ್ ಪೇಪರ್ ಮುಗಿಸಿದರು. ಟಿಕ್, ಟಿಕ್, ತಪ್ಪು, ಟಿಕ್. “ಭಾಷೆ ತಗೊಂಡು ಎಂ.ಎ. ಮಾಡಬೇಡ ಅಂತ ನಿಮಗೆ ಮನೇಲಿ ಯಾರೂ ಹೇಳಲಿಲ್ವಾ?” ಎಂದರು. ಹೇಳಿದ್ದರು. ಅಜ್ಜಿಯೊಬ್ಬಳನ್ನು ಬಿಟ್ಟು ಎಲ್ಲರೂ ಹೇಳಿದ್ದರು. ಅಜ್ಜಿಗೆ ನಾನು ಏನು ಓದುತ್ತಿದ್ದೇನೆಂದೇ ಕೇಳಿಸಿರಲಿಲ್ಲ.

ಹೆಡ್‌ಮಿಸ್ಟ್ರೆಸ್ — ಎಲ್ಲರ ಬಾಯಲ್ಲೂ ದೊಡ್ಡ ಮೇಡಂ — ಬೆಳಿಗ್ಗೆ ಕಾರಿಡಾರಿನಲ್ಲಿ ಹಿಡಿದು ನಿಲ್ಲಿಸಿದರು. ಮೇ ತಿಂಗಳಿಗೆ ನನ್ನ ಪ್ರೊಬೇಷನ್ ಮುಗಿಯುತ್ತದೆ. “ಬೋರ್ಡ್ ಪರೀಕ್ಷೇಲಿ ನಿಮ್ಮ ಸಬ್ಜೆಕ್ಟ್ ಚೆನ್ನಾಗಿ ಬರಲಿ. ಕನ್‌ಫರ್ಮ್ ಆಯ್ತು ಅಂತಾನೇ ಇಟ್ಕೊಳ್ಳಿ.” ಒಂಬತ್ತು ವರ್ಷ, ನಾಲ್ಕು ಶಾಲೆ, ಎಲ್ಲ ಕಡೆ ಟೆಂಪರರಿ. ಈ ಸಲ ಆಗಬೇಕು. ಆಗಲೇಬೇಕು.

ನಾಲ್ಕು ಗಂಟೆ — ಮುಗಿಸಿದೆ. ಕೊನೆಯ ಹತ್ತು ಹೇಗೆ ಮುಗಿದವೋ ನನಗೇ ಗೊತ್ತಿಲ್ಲ.

ಜನವರಿ 9

ಇವತ್ತು ಒಂದು ಒಳ್ಳೆಯ ಕ್ಲಾಸ್ ಆಯಿತು. ಬರೆದಿಟ್ಟುಕೊಳ್ಳುವಂಥದ್ದು.

ನೋಟ್‌ಬುಕ್ ಹಂಚಿದೆ. ಮುಖಗಳು ಸಪ್ಪೆ. “ವಿವರ ಅಂದ್ರೆ ಏನು ಮಿಸ್?” ಎಂದು ಒಬ್ಬಳು ಕೇಳಿದಳು. ವಿವರ ಅಂದರೆ ಏನು ಎಂದು ವಿವರಿಸುವುದು ಹೇಗೆ? ಬಾಯಿಗೆ ಬಂದದ್ದು ನಮ್ಮ ಮನೆ. ನಮ್ಮಪ್ಪ.

ಹೇಳಿದೆ. ಅಪ್ಪ ಇಪ್ಪತ್ತಾರು ವರ್ಷ ತೂಕದ ಯಂತ್ರದ ಫ್ಯಾಕ್ಟರಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಪ್ರತಿ ಯಂತ್ರವೂ ಸರಿ ತೂಗುತ್ತದೋ ಇಲ್ಲವೋ ನೋಡಿ ಸೀಲು ಒತ್ತುವುದು ಅವರ ಕೆಲಸ. ಮೂರು ವರ್ಷದ ಹಿಂದೆ ಫ್ಯಾಕ್ಟರಿ ಮುಚ್ಚಿತು. ಅಂದಿನಿಂದ ಅಪ್ಪ ದಿನಕ್ಕೆ ನಾಲ್ಕು ಸಲ ಅಂಗಡಿಗೆ ಹೋಗುತ್ತಾರೆ. ಬೆಳಿಗ್ಗೆ ಹಾಲು. ಹತ್ತಕ್ಕೆ ಸೋಪು. ಮಧ್ಯಾಹ್ನ ದಾರದ ಉಂಡೆ. ಸಂಜೆ ಬೆಂಕಿಪೊಟ್ಟಣ. ಒಂದೇ ಸಲಕ್ಕೆ ತಂದರೆ ಆಮೇಲೆ ಹೋಗಲು ಜಾಗವಿಲ್ಲ. ಅಮ್ಮನಿಗೆ ಇದು ಗೊತ್ತು. ಆದ್ದರಿಂದ ಅಮ್ಮ ಎಂದೂ ಪೂರ್ತಿ ಪಟ್ಟಿ ಕೊಡುವುದಿಲ್ಲ. ಒಂದೊಂದೇ ಸಾಮಾನು ನೆನಪಾದವಳಂತೆ ಮಾಡುತ್ತಾಳೆ.

ಹಿಂದಿನ ಬೆಂಚಿನ ಪುಂಡರೂ ಬಾಯಿ ಮುಚ್ಚಿದ್ದರು. ಒಬ್ಬ ಮೆಲ್ಲಗೆ, “ಇನ್ನೊಂದ್ಸಲ ಹೇಳಿ ಮಿಸ್” ಎಂದ. ಹೇಳಿದೆ, ಈ ಸಲ ನಿಧಾನವಾಗಿ, ವಾಕ್ಯ ಕಟ್ಟಿ. ಮೂವತ್ತನಾಲ್ಕು ಪೆನ್ನೂ ಓಡಿದವು. “ಹತ್ತಕ್ಕೆ ಹತ್ತು ಅಂದ್ರೆ ಇದು” ಎಂದೆ.

ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ನೋಯಲೇ ಇಲ್ಲ. ಇದಕ್ಕೇ ಅಲ್ಲವೇ ಈ ಕೆಲಸಕ್ಕೆ ಬಂದದ್ದು.

ಜನವರಿ 21. ಭಾನುವಾರ

ಗೈಡು ಫೋನ್ ಮಾಡಿದ್ದ. ಎಂ.ಎ.ಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಹಳೆಯ ಕಾವ್ಯದಲ್ಲಿ ಸಂಶೋಧನೆ ಮಾಡುತ್ತೇನೆ ಎಂದು ಗಡ್ಡ ಬಿಟ್ಟಿದ್ದ. ಈಗ ಪರೀಕ್ಷೆಯ ಗೈಡ್ ಬರೆಯುತ್ತಾನೆ, ಗಡ್ಡ ಬೋಳಿಸಿದ್ದಾನೆ, ಹೆಸರೂ ಅದೇ ಆಗಿದೆ. ನಮ್ಮ ಬ್ಯಾಚಿನಲ್ಲಿ ಇಪ್ಪತ್ತೆರಡು ಜನ. ಮೇಷ್ಟ್ರಾದವರು ಒಂಬತ್ತು. ಪರ್ಮನೆಂಟ್ ಆದವರು ಇಬ್ಬರು. ಉಳಿದವರ ಲೆಕ್ಕ ನಾವಿಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ.

“ಮಾದರಿ ಪ್ರಬಂಧಕ್ಕೆ ಜನ ಬೇಕು. ಬಾ. ನಿನ್ನ ಕೈ ಚೆನ್ನಾಗಿದೆ.”

“ನಾನು ಮಕ್ಕಳಿಗೆ ಬರೆಯೋದು ಕಲಿಸ್ತೀನಿ. ಬರೆದು ಕೊಡಲ್ಲ.”

“ಅಬ್ಬಾ! ಮೇಷ್ಟ್ರ ಮಾತು” ಎಂದು ನಕ್ಕ.

ಅಡುಗೆಮನೆಯಲ್ಲಿ ಅಮ್ಮ: “ಅಯ್ಯೋ, ಸೂಜಿ ತರಿಸೋದೇ ಮರೆತೆ ನೋಡಿ.” ಚಪ್ಪಲಿ ಸದ್ದು. ಅಪ್ಪ ಹೊರಟರು. ಸೂಜಿ ಡಬ್ಬಿ ಅಮ್ಮನ ಮೊಣಕೈ ಪಕ್ಕದಲ್ಲೇ ಇತ್ತು. ನಾನು ಇದನ್ನು ಕ್ಲಾಸಿನಲ್ಲಿ ಹೇಳಿದ್ದು ಇಬ್ಬರಿಗೂ ತಿಳಿಸಿಲ್ಲ. ಮನೆಮಾತು ಬೀದಿಗೆ ಹಾಕಿದೆನೇ? ಕ್ಲಾಸು ಬೀದಿಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮಾರ್ಚ್ 14

ಭಾಷೆಯ ಪರೀಕ್ಷೆ. ಗೇಟಿನ ಹೊರಗೆ ಕಾದೆ. ಮಕ್ಕಳು ಕುಣಿಯುತ್ತಾ ಬಂದರು. “ಬಂದಿತ್ತು ಮಿಸ್! ನಿಮಗೆ ಹತ್ತಿರದ ವ್ಯಕ್ತಿ! ಹತ್ತು ಮಾರ್ಕ್ಸು!” ಎಲ್ಲರೂ ಚೆನ್ನಾಗಿ ಬರೆದಿದ್ದಾರಂತೆ. ಒಬ್ಬ ನನ್ನ ಕೈ ಹಿಡಿದು ಕುಲುಕಿದ.

ದೊಡ್ಡ ಮೇಡಂ ಪ್ರಶ್ನೆಪತ್ರಿಕೆ ನೋಡಿ ಮುಗುಳ್ನಕ್ಕರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಮುಂದಿನ ವರ್ಷದ ಟೈಮ್‌ಟೇಬಲ್ಲಿನಲ್ಲಿ ನನ್ನ ಹೆಸರು, ಪೆನ್ಸಿಲ್ಲಿನಲ್ಲಿ.

ಏಪ್ರಿಲ್ 19

ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಆದರೂ ಬರೆಯುತ್ತೇನೆ. ಬರೆದರೆ ತಲೆ ಸ್ವಲ್ಪ ತಿಳಿಯಾಗುತ್ತದೆ.

ದೊಡ್ಡ ಮೇಡಂ ಕರೆದರು. ರಜೆ, ಶಾಲೆ ಖಾಲಿ, ಅವರ ಕೋಣೆಯ ಫ್ಯಾನ್ ಮಾತ್ರ ಕಿರುಗುಟ್ಟುತ್ತಿತ್ತು. ಬೋರ್ಡಿನ ಪತ್ರ. ನಮ್ಮ ಶಾಲೆಯ ಇಪ್ಪತ್ತೇಳು ಉತ್ತರ ಪತ್ರಿಕೆಗಳಲ್ಲಿ ಒಂದೇ ಪ್ರಬಂಧ. ಸಾಮೂಹಿಕ ನಕಲು ಎಂಬ ಅನುಮಾನ. ಇಪ್ಪತ್ತೇಳೂ ಮಕ್ಕಳ ಫಲಿತಾಂಶ ತಡೆಹಿಡಿಯಲಾಗಿದೆ. ಹತ್ತು ದಿನದೊಳಗೆ ವಿವರಣೆ. ಜೊತೆಗೆ ನಾಲ್ಕು ಪತ್ರಿಕೆಗಳ ಝೆರಾಕ್ಸ್.

ಓದಿದೆ. ‘ನನ್ನ ತಂದೆ ದಿನಕ್ಕೆ ನಾಲ್ಕು ಸಲ ಅಂಗಡಿಗೆ ಹೋಗುತ್ತಾರೆ.’ ಎರಡನೆಯದು: ‘ನನ್ನ ತಂದೆ ದಿನಕ್ಕೆ ನಾಲ್ಕು ಬಾರಿ ಅಂಗಡಿಗೆ ತೆರಳುತ್ತಾರೆ.’ ಮೂರನೆಯದರಲ್ಲಿ ದಾರದ ಉಂಡೆ ಹೋಗಿ ಬಲ್ಬು ಬಂದಿದೆ. ನಾಲ್ಕನೆಯವನು ಒಂದು ಹೆಜ್ಜೆ ಮುಂದೆ — ಐದು ಸಲ ಕಳಿಸಿದ್ದಾನೆ. ಎಲ್ಲದರಲ್ಲೂ ಅಮ್ಮ ಒಂದೊಂದೇ ಸಾಮಾನು ನೆನಪಾದವಳಂತೆ ಮಾಡುತ್ತಾಳೆ. ಎಲ್ಲರ ಅಪ್ಪನೂ ತೂಕದ ಯಂತ್ರಕ್ಕೆ ಸೀಲು ಒತ್ತುತ್ತಿದ್ದರು.

ನಾನು ದಾರಿ ತೋರಿಸಿದೆ ಅಂದುಕೊಂಡಿದ್ದೆ. ಅವರು ಅಪ್ಪನನ್ನೇ ಎತ್ತಿಕೊಂಡು ಹೋದರು.

ಮೇಡಂ ಕನ್ನಡಕ ತೆಗೆದರು. “ಏನ್ರೀ ಇದು?”

“ನಾನು ಉದಾಹರಣೆಗೆ ಅಂತ…”

“ಅದನ್ನ ಹೊರಗೆ ಹೇಳಬೇಡಿ. ಟೀಚರ್ ಡಿಕ್ಟೇಟ್ ಮಾಡಿದ್ದು ಅಂತ ಆದ್ರೆ ನಿಮ್ಮ ಫೈಲ್ ಅಲ್ಲಿಗೇ ಮುಗೀತು. ಬೇರೆ ಏನಾದ್ರೂ ಯೋಚನೆ ಮಾಡಿ.”

ಹೊರಗೆ ಲೆಕ್ಕದ ಮೇಷ್ಟ್ರು. ಸುದ್ದಿ ಮುಟ್ಟಿತ್ತು. “ಮೂವತ್ತನಾಲ್ಕು ಮಕ್ಕಳಿಗೂ ಒಂದೇ ಉತ್ತರ ಬಂದ್ರೆ ನಂಗೆ ಇನ್‌ಕ್ರಿಮೆಂಟು. ನಿಮಗೆ ನೋಟೀಸು. ಏನು ಸಬ್ಜೆಕ್ಟ್ ಮಾರಾಯ್ರೇ ನಿಮ್ದು!” ನಗಿಸಲೆಂದೇ ಹೇಳಿದರು. ನಗು ಬರಲಿಲ್ಲ, ಆದರೂ ಆ ಮನುಷ್ಯ ಒಳ್ಳೆಯವರು.

ಏಪ್ರಿಲ್ 20

ಗೈಡುವಿಗೆ ನಾನೇ ಫೋನ್ ಮಾಡಿದೆ. ನಾಚಿಕೆ ಬಿಟ್ಟೇ ಮಾಡಿದೆ.

ಅವನು ಎರಡು ನಿಮಿಷ ನಕ್ಕ. ಆಮೇಲೆ ಗಂಭೀರನಾದ. “ಇದೇನು ದೊಡ್ಡ ವಿಷಯ! ನಿಮ್ಮಪ್ಪನ್ನ ನಾನು ಪ್ರಿಂಟ್ ಮಾಡಿಬಿಡ್ತೀನಿ. ನಮ್ಮ ಗೈಡಲ್ಲಿ ಒಂದು ಪುಟ ಸೇರಿಸಿ, ಹಳೇ ಮುದ್ರಣದ ತಾರೀಕು ಹಾಕಿ, ಹತ್ತು ಕಾಪಿ ಬೈಂಡ್ ಮಾಡಿ ಕಳಿಸ್ತೀನಿ. ಮಕ್ಕಳು ಗೈಡ್ ಬಾಯಿಪಾಠ ಮಾಡಿದ್ರು ಅಂತ ಬರಿ. ಬಾಯಿಪಾಠ ಅಪರಾಧ ಅಲ್ಲ. ಹಾಗಂದ್ರೆ ಇಡೀ ದೇಶವೇ ಜೈಲಲ್ಲಿ ಇರ್ಬೇಕಿತ್ತು.”

“ನಿನಗೇನು ಲಾಭ?”

“ಮುಂದಿನ ವರ್ಷಕ್ಕೆ ಪ್ರಬಂಧ ನನ್ನದಾಗುತ್ತೆ. ಚೆನ್ನಾಗಿದೆ ಕಣೇ. ಓಡುತ್ತೆ.”

ಸಂಜೆಗೆ ಮೊಬೈಲಿಗೆ ಪುಟ ಬಂತು. ಪುಟ 64. ಸ್ವಲ್ಪ ತಿದ್ದಿದ್ದಾನೆ. ಅಪ್ಪ ಈಗ ‘ಹಗಲಿರುಳು ಶ್ರಮಿಸಿದ ಕಾಯಕಜೀವಿ’. ಅಮ್ಮ ‘ತ್ಯಾಗಮಯಿ’.

ದೊಡ್ಡ ಮೇಡಂಗೆ ತೋರಿಸಿದೆ. ಅವರ ಮುಖದ ಗಂಟು ಸಡಿಲವಾಯಿತು. “ಮಕ್ಕಳಿಗೂ ತೊಂದರೆ ಇಲ್ಲ, ಶಾಲೆಗೂ ಇಲ್ಲ, ನಿಮಗೂ ಇಲ್ಲ. ಇಪ್ಪತ್ತೊಂಬತ್ತಕ್ಕೆ ಮುಂಚೆ ಕೊಡಿ.”

ನಿಜ. ಯಾರಿಗೂ ತೊಂದರೆ ಇಲ್ಲ. ಒಂದು ಸುಳ್ಳು, ಎಲ್ಲರೂ ಬಚಾವ್. ಕನ್‌ಫರ್ಮ್ ಆಗುತ್ತೇನೆ. ಬೇಡ ಎನ್ನಲು ನಾನೇನು ಮಹಾತಾಯಿಯೇ?

ಏಪ್ರಿಲ್ 22. ಬೆಳಿಗ್ಗೆ 11, ಲೈಬ್ರರಿ

ಕಿಟಕಿ ಪಕ್ಕ ಕೂರುತ್ತಿದ್ದ ಹುಡುಗಿ ಪುಸ್ತಕ ವಾಪಸ್ ಕೊಡಲು ಬಂದಿದ್ದಳು. ವರ್ಷವಿಡೀ ಹತ್ತು ಮಾತು ಆಡಿದವಳಲ್ಲ. ರಿಸಲ್ಟ್ ಯಾಕೆ ಬರಲಿಲ್ಲ ಎಂದು ಅವಳಿಗೂ ಗೊತ್ತಾಗಿತ್ತು. ಇಪ್ಪತ್ತೇಳರಲ್ಲಿ ಅವಳೂ ಒಬ್ಬಳು.

ನನ್ನ ಹಳೆಯ ಸಿಡುಕು ಮೇಲೆ ಬಂತು. “ನಿನಗೆ ನಿನ್ನ ಅಪ್ಪ ಇಲ್ವಾ? ನಮ್ಮಪ್ಪನ್ನ ಯಾಕೆ ಬರೆದೆ?”

ಹೆದರಲಿಲ್ಲ. ಪ್ರಶ್ನೆ ಅರ್ಥವಾಗದವಳ ಹಾಗೆ ನೋಡಿದಳು. “ನಮ್ಮಪ್ಪನ್ನ ಮೊದಲೇ ಬರೆದಿದ್ದೆ ಮಿಸ್. ನೋಟ್‌ಬುಕ್ಕಲ್ಲಿ. ನೀವು ಆರು ಕೊಟ್ರಿ. ನಿಮ್ಮಪ್ಪಂಗೆ ಹತ್ತು ಅಂದ್ರಿ. ಬೋರ್ಡ್ ಪರೀಕ್ಷೇಲಿ ನಾಲ್ಕು ಮಾರ್ಕ್ಸ್ ಯಾಕೆ ಬಿಡ್ಲಿ?”



ಆ ನೋಟ್‌ಬುಕ್ ಇದೆಯಾ ಎಂದೆ. ಬ್ಯಾಗಿನಲ್ಲೇ ಇತ್ತು, ಖಾಲಿ ಪುಟಗಳನ್ನು ರಫ್‌ಗೆ ಬಳಸುತ್ತಿದ್ದಾಳೆ. ಓದಿದೆ. ಮೊದಲ ಸಲ ಓದಿದೆ — ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ — ಜನವರಿಯಲ್ಲಿ ನಾನು ಇದನ್ನು ಓದಿಯೇ ಇರಲಿಲ್ಲ. ಕೊನೆಯ ಹತ್ತರಲ್ಲಿ ಒಂದು. ಇಲ್ಲಿ ನಕಲು ಮಾಡಿಕೊಂಡಿದ್ದೇನೆ:

‘ನಮ್ಮಪ್ಪ ಜಾಸ್ತಿ ಮಾತಾಡುವುದಿಲ್ಲ. ಕೆಲಸ ಮುಗಿಸಿ ಬಂದು ನನ್ನ ಪಕ್ಕ ಕೂರುತ್ತಾರೆ. ನಾನು ಓದುವಾಗ ಟಿ.ವಿ.ಯ ಸೌಂಡ್ ಪೂರ್ತಿ ತೆಗೆದು ಮ್ಯಾಚ್ ನೋಡುತ್ತಾರೆ. ಗೆದ್ದರೆ ಸದ್ದು ಮಾಡದೆ ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ನನ್ನ ಪಾಠ ಮುಗಿದ ಮೇಲೆ ಸೌಂಡ್ ಹಾಕುತ್ತಾರೆ, ಅಷ್ಟು ಹೊತ್ತಿಗೆ ಮ್ಯಾಚ್ ಮುಗಿದಿರುತ್ತದೆ.’

ಕೆಳಗೆ ನನ್ನ ಕೆಂಪು ಅಕ್ಷರ. ಇನ್ನೂ ವಿವರ ಬೇಕು. 6/10.

ಒಂಬತ್ತು ವರ್ಷ ವಿವರ, ವಿವರ ಎಂದು ಬಾಯಿ ಬಡಿದುಕೊಂಡೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದೆ.

ಹುಡುಗಿ ಕೇಳಿದಳು: “ತಪ್ಪಿದೆಯಾ ಮಿಸ್?” ಇಲ್ಲ ಎಂದೆ. ತಪ್ಪು ನನ್ನದು ಎಂದೂ ಹೇಳಬೇಕಿತ್ತು. ನೋಟ್‌ಬುಕ್ ಮುಚ್ಚಿ ವಾಪಸ್ ಕೊಟ್ಟೆ. ಅವಳು ಪುಸ್ತಕಕ್ಕೆ ಸಹಿ ಮಾಡಿಸಿಕೊಂಡು ಹೋದಳು.

ಏಪ್ರಿಲ್ 23

ಅಪ್ಪ ಓದಿಬಿಟ್ಟರು.

ಝೆರಾಕ್ಸ್ ಹಾಳೆಗಳನ್ನು ಟೇಬಲ್ ಮೇಲೆ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದಾಗ ಕನ್ನಡಕ ಹಾಕಿಕೊಂಡು ಓದುತ್ತಿದ್ದರು. ನಾಲ್ಕನ್ನೂ ಓದಿದರು. ಅಂಚು ಸರಿಮಾಡಿ ಜೋಡಿಸಿ ಇಟ್ಟರು. “ಒಬ್ಬ ಐದು ಸಲ ಅಂತ ಬರೆದಿದ್ದಾನೆ” ಎಂದರು. ಅಷ್ಟೇ. ಎದ್ದು ಕೋಣೆಗೆ ಹೋದರು.

ಏಪ್ರಿಲ್ 24

ಅಮ್ಮ: “ಸೋಪು ಮುಗಿದಿದೆ ನೋಡಿ.” ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಏಪ್ರಿಲ್ 25

ಹಾಲಿಗೂ ಹೋಗಲಿಲ್ಲ. ನಾನೇ ತಂದೆ. ಅಂಗಡಿಯವನು, “ಯಜಮಾನ್ರು ಹುಷಾರಿಲ್ವಾ?” ಎಂದ. ಅಮ್ಮ ನನ್ನ ಮೇಲೆ ಹರಿಹಾಯ್ದಳು. “ನಿನಗೆ ಪಾಠ ಮಾಡೋಕೆ ಬೇರೆ ಏನೂ ಸಿಗಲಿಲ್ವಾ? ಮೂರು ವರ್ಷ ನಾನು ಜೋಪಾನ ಮಾಡಿದ್ದನ್ನ ಒಂದು ಪೀರಿಯಡ್ಡಲ್ಲಿ ಹಾಳು ಮಾಡಿದೆ.”

ಗೈಡು ಮೆಸೇಜ್: ‘ಪ್ರಿಂಟ್‌ಗೆ ಕೊಡಲಾ?’ ಉತ್ತರಿಸಿಲ್ಲ.

ಏಪ್ರಿಲ್ 27. ಸಂಜೆ

ಅಪ್ಪನೇ ಬಂದು ಎದುರು ಕುರ್ಚಿಯಲ್ಲಿ ಕೂತರು. ಕೇಳಿದ್ದು ಒಂದೇ. “ನಿಮ್ಮಮ್ಮಂಗೆ ಗೊತ್ತಿದ್ದೇ ಮಾಡ್ತಿದ್ಲಾ?”

“ಹೂಂ.”

“ಮೊದಲಿಂದ?”

“ಮೊದಲಿಂದ.”

ಅಪ್ಪ ಮಂಡಿ ಸವರಿಕೊಂಡರು. “ನಾನು ಅವಳಿಗೆ ಮರೆವು ಅಂದ್ಕೊಂಡಿದ್ದೆ ಕಣೇ. ಒಂದು ನೆನಪಾದ್ರೆ ಒಂದು ಮರೀತಾಳೆ ಅಂತ. ಪಾಪ, ಬೈದ್ರೆ ಬೇಜಾರು ಮಾಡ್ಕೋತಾಳೆ ಅಂತ ಸುಮ್ನೆ ಹೋಗಿ ಹೋಗಿ ಬರ್ತಿದ್ದೆ. ನನಗೇನು ಬಿಸಿಲಲ್ಲಿ ನಾಲ್ಕು ಸಲ ಹೋಗೋ ಚಟವಾ? ಮಂಡಿ ನೋವು ಬೇರೆ. ಡಾಕ್ಟರ ಹತ್ರಾನೂ ಕೇಳಿದೆ, ಮರೆವಿಗೆ ಏನು ಕೊಡ್ತೀರ ಅಂತ. ಅವಳನ್ನ ಕರ್ಕೊಂಡು ಬನ್ನಿ ಅಂದ್ರು. ಹೇಗೆ ಕರ್ಕೊಂಡು ಹೋಗ್ಲಿ? ಹೆದರ್ಕೋತಾಳಲ್ಲ.”

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಟವೆಲ್ಲಿನಿಂದ ಕೈ ಒರೆಸುತ್ತಾ ಇದ್ದವಳು ಒರೆಸುತ್ತಲೇ ಇದ್ದಳು. “ನನಗಾ ಮರೆವು? ನಿಮ್ಮ ಅಕ್ಕ ಮೂವತ್ತು ವರ್ಷದ ಹಿಂದೆ ನನಗೆ ಏನಂದ್ರು ಅಂತ ಈಗಲೂ ಹೇಳ್ತೀನಿ, ಕೂತ್ಕೊಂಡು ಕೇಳಿ.”

ಅಪ್ಪ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಕೆಮ್ಮು ಬರುವಷ್ಟು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬೈದಳು. ಡಾಕ್ಟರಿಗೆಲ್ಲಾ ಹೇಳಿ ಬಂದ್ರಲ್ಲ, ನನ್ನ ಮಾನ ಕಳೆದ್ರಲ್ಲ ಎಂದು. ನನ್ನನ್ನು ಇಬ್ಬರೂ ಮರೆತೇಬಿಟ್ಟಿದ್ದರು.

ಹಾಗಾದರೆ ನಾನು ಹೇಳಿದ್ದೇ ಸುಳ್ಳು. ಹೋಗಲು ಜಾಗವಿಲ್ಲದೆ ಹೋಗುವ ಅಪ್ಪ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಒಂದೇ ಸೂರಿನಡಿ ಇದ್ದು, ದಿನಾ ನೋಡಿ, ಎಂ.ಎ. ಮಾಡಿದ ಕಣ್ಣಿನಿಂದ ನೋಡಿ, ಪೂರ್ತಿ ತಪ್ಪು ಓದಿದ್ದೆ. ಆ ತಪ್ಪಿಗೆ ನಾನೇ ಹತ್ತಕ್ಕೆ ಹತ್ತು ಕೊಟ್ಟುಕೊಂಡೆ. ಇಪ್ಪತ್ತೇಳು ಮಕ್ಕಳು ಅದನ್ನು ನಂಬಿದರು.

ಪುಟ 64 ತೋರಿಸಿದೆ. ಉಪಾಯವನ್ನೂ ಹೇಳಿದೆ, ಕೆಲಸ ಉಳಿಯುತ್ತದೆ ಎಂದೂ ಹೇಳಿದೆ. ಅಪ್ಪ ಕನ್ನಡಕ ಏರಿಸಿ ಓದಿದರು. ‘ಕಾಯಕಜೀವಿ’ ಎಂಬಲ್ಲಿ ಬೆರಳು ನಿಂತಿತು. “ಇದು ಯಾರು?” ಎಂದರು. ಆಮೇಲೆ ಹೇಳಿದರು: “ಮಕ್ಕಳು ಬರೆದ್ರಲ್ಲ, ಅದು ಪರವಾಗಿಲ್ಲ. ನಿನ್ನ ಮೇಲಿನ ನಂಬಿಕೆಗೆ ಬರೆದಿದ್ದಾರೆ. ಪುಸ್ತಕ ಮಾಡಿ ಮಾರೋದು ಬೇಡ. ಇಪ್ಪತ್ತಾರು ವರ್ಷ ಸರಿ ಇಲ್ಲದ ಯಂತ್ರಕ್ಕೆ ನಾನು ಸೀಲು ಒತ್ತಿಲ್ಲ. ಆದ್ರೆ ಕೆಲಸ ನಿಂದು. ನೀನೇ ನೋಡು.”

ಏಪ್ರಿಲ್ 28

ಇಬ್ಬರೂ ಕೂಡಿ ಅಂಗಡಿಗೆ ಹೋಗಿದ್ದಾರೆ. ಗಂಟೆಯಾಯಿತು. ಮನೆ ಖಾಲಿ.

ವಿವರಣೆ ಬರೆದೆ. ನಾಲ್ಕು ಸಲ ಹರಿದೆ. ಮೊದಲ ನಾಲ್ಕೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿದ್ದವು. ‘ಬಹುಶಃ ಮಕ್ಕಳು…’ ‘ತಪ್ಪು ಗ್ರಹಿಕೆಯಿಂದ…’ ಐದನೆಯದರಲ್ಲಿ ಇಷ್ಟೇ ಉಳಿಯಿತು:

‘ಈ ಪ್ರಬಂಧವನ್ನು ತರಗತಿಯಲ್ಲಿ ಹೇಳಿದವಳು ನಾನು. ಹತ್ತಕ್ಕೆ ಹತ್ತು ಎಂದವಳೂ ನಾನು. ಅದಕ್ಕೂ ಮುಂಚೆ ಮಕ್ಕಳು ತಮ್ಮ ಮನೆಯವರ ಬಗ್ಗೆ ಬರೆದದ್ದನ್ನು ಸರಿಯಾಗಿ ಓದದೆ ಕಡಿಮೆ ಅಂಕ ಹಾಕಿದೆ. ಮಕ್ಕಳು ಒಬ್ಬರನ್ನೊಬ್ಬರು ನೋಡಿ ಬರೆದಿಲ್ಲ. ಟೀಚರ್ ಹೇಳಿದ್ದು ಸರಿ ಎಂದು ನಂಬಿ ಬರೆದಿದ್ದಾರೆ. ಶಿಕ್ಷೆ ಇದ್ದರೆ ಅದು ನನಗೆ.’

ಗೈಡುವಿಗೆ ಮೆಸೇಜ್: ‘ಬೇಡ. ಅಪ್ಪ ಮಾರಾಟಕ್ಕಿಲ್ಲ.’ ಅವನು: ‘ಹುಚ್ಚಿ.’ ಐದು ನಿಮಿಷ ಬಿಟ್ಟು ಮತ್ತೆ: ‘ನಾನಾಗಿದ್ರೆ ನನಗೆ ಧೈರ್ಯ ಬರ್ತಿರಲಿಲ್ಲ.’

ಏಪ್ರಿಲ್ 29

ಪತ್ರ ಕೊಟ್ಟೆ. ದೊಡ್ಡ ಮೇಡಂ ಓದಿ, ಟೇಬಲ್ ಮೇಲೆ ಇಟ್ಟು, ಮತ್ತೆ ಓದಿದರು. “ನಿಮಗೆ ಗೊತ್ತಿದೆ ತಾನೆ, ಇದಾದ ಮೇಲೆ ನನ್ನ ಕೈಲಿ ಏನೂ ಇರಲ್ಲ.” ಗೊತ್ತಿದೆ ಎಂದೆ. ಹೊರಗೆ ಬಂದು ಸ್ಟಾಫ್ ರೂಮಿನ ನಲ್ಲಿಯ ಹತ್ತಿರ ನಿಂತು ಅತ್ತೆ. ಬೇಜಾರಿಗೆ ಅಲ್ಲ. ಹೆದರಿಕೆಗೆ. ಮೂವತ್ತೆರಡನೇ ವಯಸ್ಸಿನಲ್ಲಿ ಐದನೇ ಶಾಲೆ ಹುಡುಕಬೇಕು.

ಮೇ 6. ಬೋರ್ಡ್ ಕಚೇರಿ, ಬೆಂಚಿನ ಮೇಲೆ ಕೂತು

ವಿಚಾರಣೆ ಇಪ್ಪತ್ತು ನಿಮಿಷ. ಮೂವರು. ನಡುವಿನವರು ಭಾಷೆಯ ಹಿರಿಯ ಪರೀಕ್ಷಕಿ, ಆ ಪತ್ರಿಕೆಗಳನ್ನು ಹಿಡಿದವರು ಅವರೇ. ದಪ್ಪ ಕನ್ನಡಕ, ದಣಿದ ಮುಖ.

“ಮೊದಲನೇ ಪತ್ರಿಕೆ ಓದಿದಾಗ ಹತ್ತಕ್ಕೆ ಒಂಬತ್ತು ಕೊಟ್ಟೆ” ಎಂದರು. “ಕಣ್ಣಲ್ಲಿ ನೀರು ಬಂತು. ಎರಡನೇದು ಬಂದಾಗ ಕೋಪ ಬಂತು. ಹತ್ತನೇದು ಬಂದಾಗ ನನ್ನ ಮೇಲೇ ಅಸಹ್ಯ ಆಯ್ತು. ಮೊದಲನೇದಕ್ಕೆ ಅತ್ತಿದ್ದು ಯಾಕೆ ಅಂತ.”

ಇನ್ನೊಬ್ಬರು ಕೇಳಿದರು: “ಈ ತಂದೆ ನಿಜವಾಗಿ ಯಾರು?”

“ನನ್ನ ತಂದೆ. ಆದರೆ ಅವರು ಹಾಗಿಲ್ಲ. ನಾನು ತಪ್ಪಾಗಿ ಹೇಳಿದ್ದೆ.”

ಬರೆದುಕೊಂಡರು. ಅದನ್ನು ಯಾವ ಕಾಲಮ್ಮಿನಲ್ಲಿ ಬರೆದುಕೊಂಡರೋ. ಪರೀಕ್ಷಕಿ ಫೈಲ್ ಮುಚ್ಚುವಾಗ, “ಆ ಓದದೇ ಇದ್ದ ನೋಟ್‌ಬುಕ್ಕು… ಅಂಥವು ನನ್ನ ಹತ್ರಾನೂ ಇವೆ. ಮೂವತ್ತು ವರ್ಷದ್ದು” ಎಂದರು. ಬೇರೆ ಇಬ್ಬರೂ ಎದ್ದಾಗಿತ್ತು. ನನಗೆ ಮಾತ್ರ ಕೇಳಿಸಿತು.

ಮೇ 24

ರಿಸಲ್ಟ್. ಆ ಹತ್ತು ಅಂಕದ ಪ್ರಶ್ನೆಯನ್ನು ಇಪ್ಪತ್ತೇಳು ಮಕ್ಕಳಿಗೂ ಕೈಬಿಟ್ಟು, ಉಳಿದದ್ದರ ಮೇಲೆ ಲೆಕ್ಕ ಹಾಕಿದ್ದಾರೆ. ಎಲ್ಲರೂ ಪಾಸು.

ನನ್ನ ಪತ್ರ ಬೇರೆ. ‘ಪ್ರೊಬೇಷನ್ ಅವಧಿ ತೃಪ್ತಿಕರವಾಗಿಲ್ಲದ ಕಾರಣ…’ ಎರಡು ಸಾಲು. ಟೈಮ್‌ಟೇಬಲ್ಲಿನಲ್ಲಿ ಪೆನ್ಸಿಲ್ ಹೆಸರು ಅಳಿಸಿ ಆಗಿತ್ತು. ಲೆಕ್ಕದ ಮೇಷ್ಟ್ರು ನನ್ನ ಕಪಾಟು ಖಾಲಿ ಮಾಡಲು ಸಹಾಯ ಮಾಡಿದರು. ಒಂದು ಜೋಕೂ ಹೇಳಲಿಲ್ಲ. ಅದೇ ಹೆಚ್ಚು ನೋಯಿಸಿತು.

ಗೇಟಿನ ಬಳಿ ಕಿಟಕಿ ಪಕ್ಕದ ಹುಡುಗಿ. ಜೊತೆಗೆ ಅವಳ ಅಪ್ಪ. ನನ್ನ ಕಣ್ಣು ತಾನಾಗಿಯೇ ಅವರ ಮೇಲೆ ವಿವರ ಹುಡುಕಲು ಹೊರಟಿತು, ಅಂಗಿ, ಕೈ, ನಿಂತ ರೀತಿ. ತಡೆದೆ. ಅವರು ಅವಳ ಅಪ್ಪ. ನೋಡುವವಳು ಅವಳು.

ಹುಡುಗಿಗೆ ಹೇಳಬೇಕಾದ್ದನ್ನು ಅವರ ಎದುರಿಗೇ ಹೇಳಿದೆ. “ಜನವರೀಲಿ ನೀನು ಬರೆದದ್ದನ್ನ ನಾನು ಓದದೇ ಮಾರ್ಕ್ಸ್ ಹಾಕಿದ್ದೆ. ನಂದೇ ತಪ್ಪು. ತುಂಬಾ ಚೆನ್ನಾಗಿತ್ತು.”

“ಏನು ಬರೆದಿದ್ಲು?” ಎಂದು ಅವಳ ಅಪ್ಪ ಕೇಳಿದರು. ಹುಡುಗಿ ಕೆಂಪಾಗಿ ಅವರ ತೋಳು ಎಳೆದಳು. “ಏನಿಲ್ಲ, ನಡೀರಿ.” ಹೋದರು. ರಸ್ತೆ ದಾಟುವಾಗ ಅವರು ಮತ್ತೆ ಕೇಳುತ್ತಿದ್ದದ್ದು ಕಂಡಿತು.

ಜೂನ್ 3. ಬೆಳಿಗ್ಗೆ

ಊರಾಚೆಯ ಒಂದು ಶಾಲೆಯ ಅರ್ಜಿ. ಭಾಷಾ ಶಿಕ್ಷಕರು, ಒಂದು ಹುದ್ದೆ, ತಾತ್ಕಾಲಿಕ. ಇವತ್ತೇ ಪೋಸ್ಟ್ ಮಾಡಬೇಕು. ವಿದ್ಯಾರ್ಹತೆ ತುಂಬಿದೆ. ಅನುಭವ ತುಂಬಿದೆ. ನಾಲ್ಕು ಶಾಲೆಯ ಹೆಸರು ಬರೆಯಲು ಕೊಟ್ಟಿರುವುದು ಮೂರು ಗೆರೆ.

ಹನ್ನೊಂದನೇ ಕಾಲಂ: ಹಿಂದಿನ ಕೆಲಸ ಬಿಟ್ಟ ಕಾರಣ.

‘ವೈಯಕ್ತಿಕ’ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಎಲ್ಲರೂ ಅದನ್ನೇ ಬರೆಯುತ್ತಾರೆ. ಅರ್ಧ ಗಂಟೆಯಿಂದ ಪೆನ್ನು ಹಿಡಿದು ಕೂತಿದ್ದೇನೆ. ಅಪ್ಪ ಹಿಂದಿನಿಂದ ಇಣುಕಿದರು. “ಜಾಸ್ತಿ ಕತೆ ಕಟ್ಟಬೇಡ. ನಿನಗೆ ಅದೇ ಕಾಯಿಲೆ.”

ಸರಿ. ಇಲ್ಲಿ ಮೊದಲು ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ.

‘ಒಂದು ಹುಡುಗಿ ತನ್ನ ಅಪ್ಪನ ಬಗ್ಗೆ ಬರೆದಿದ್ದಳು. ನಾನು ಓದಲಿಲ್ಲ. ನನಗೆ ಮತ್ತೊಂದು ತರಗತಿ ಕೊಟ್ಟರೆ ಮೊದಲು ಓದುತ್ತೇನೆ.’